ಆಚಾರ್ಯರನ್ನು ಓದದೆ ಕೊಟ್ಟ ತೀರ್ಪು

ಅರಾಜಕವಾದವೆಂದರೆ ಬಾಂಬು, ಕೊಲೆ; ನಮ್ಮ ನೆಲಕ್ಕೆ ಸಂಬಂಧವಿಲ್ಲದ ಯುರೋಪಿನ ಹುಚ್ಚು ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಒಪ್ಪಲಾರೆ. ಮೈಸೂರು ಸೀಮೆಯ ಮಂಡಯಂ ಮನೆತನದ ಎಂ.ಪಿ.ಟಿ. ಆಚಾರ್ಯರನ್ನು ಅವರು ಹೇಗೆ ಮರೆತರು? 1887ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಆಚಾರ್ಯರು 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲೊಬ್ಬರು. ಪಕ್ಷದ ಸಹಸಂಸ್ಥಾಪಕ ಎಂ.ಎನ್. ರಾಯ್ ಜೊತೆ ಮನಸ್ತಾಪವಾಗಿ ಹೊರಬಿದ್ದು, ಬರ್ಲಿನ್ನಿನಲ್ಲಿ ಅರಾಜಕವಾದಿಯಾದರು. 1935ರಲ್ಲಿ ಮುಂಬೈಗೆ ಮರಳಿದರು. ಪತ್ನಿ, ಚಿತ್ರಕಲಾವಿದೆ ಮಗ್ದಾ ನಾಖ್ಮನ್ 1951ರಲ್ಲಿ ತೀರಿಕೊಂಡ ಮೇಲೂ, ಬಡತನ, ಕಾಯಿಲೆಗಳ ನಡುವೆಯೇ ದೇಶವಿದೇಶಗಳ ಪತ್ರಿಕೆಗಳಿಗೆ ಬರೆದರು. 1954ರಲ್ಲಿ ಕ್ಷಯದಿಂದ ಸತ್ತರು. ಅವರ ಆಯುಧ ಲೇಖನಿ.

ಇನ್ನು ಹಿಂಸೆಯ ಮಾತು. ನಮ್ಮ ತೊಂಡೇಬಾವಿಯಿರುವ ಗೌರಿಬಿದನೂರು ತಾಲ್ಲೂಕಿನಲ್ಲೇ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು, ನಿಷೇಧಾಜ್ಞೆ ಮೀರಿ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಸತ್ತವರಲ್ಲಿ ಹೆಂಗಸರೂ ಇದ್ದರು. ಆ ಸತ್ಯಾಗ್ರಹಿಗಳು ಅರಾಜಕವಾದಿಗಳಲ್ಲ. ಜವಾಬ್ದಾರಿ ಸರ್ಕಾರ ಕೇಳಿದವರು, ನಿಜ. ಆದರೆ ಬಂದೂಕು ಹಿಡಿದ ಅಧಿಕಾರವನ್ನು ಯಾಕೆ ನಂಬಬೇಕು ಎಂಬ ಅರಾಜಕವಾದಿಗಳ ಪ್ರಶ್ನೆ ಇಂಥ ಊರಿನವರಿಗೆ ಪರದೇಶಿಯಾಗುವುದು ಹೇಗೆ?

ಆಚಾರ್ಯರ ಬರಹಗಳ ಸಂಕಲನ 2019ರಲ್ಲಿ ಇಂಗ್ಲಿಷಿನಲ್ಲಿ ಬಂದಿದೆ. ಲೇಖಕರು ದಯವಿಟ್ಟು ಮೊದಲು ಅದನ್ನು ಓದಲಿ. ವಾದ ಆಮೇಲೆ ಮಾಡೋಣ.