ಶ್ಯಾವಿಗೆ ಗೋಧಿಗೆ ಗುಣದ ಬೆಲೆ ಎಲ್ಲಿ?

ಕಳಸದ ಕಾಫಿ ಬೆಳೆಗಾರರೊಬ್ಬರು ಕೇಳಿದರು: "ಭದ್ರೆಯ ನೀರಿದೆ, ಪಾಸ್ತಾ ಗೋಧಿಗೆ ಬೇಡಿಕೆ ಇದೆಯಂತೆ. ಕೊಯ್ಲಾದ ಗದ್ದೆಯಲ್ಲಿ ಹಾಕಲೇ?" ಬೇಡವೆಂದೆ. ನಿಮ್ಮಲ್ಲಿನ ತೇವಕ್ಕೆ ತುಕ್ಕು ರೋಗ ಬಿಡದು. ಡ್ಯೂರಂ ಗೋಧಿಗೆ ಒಣ ಚಳಿ ಬೇಕು, ಕಾಳು ಮಾಗುವಾಗ ಮಳೆ ಇರಬಾರದು. ಅದರ ಸೀಮೆ ಮಲಪ್ರಭಾ, ಘಟಪ್ರಭಾ ಕಾಲುವೆಗಳ ಕಪ್ಪು ಭೂಮಿ.

ಆದರೆ ಕಾಫಿಯಲ್ಲಿರುವ ಒಂದು ಪದ್ಧತಿ ಅಲ್ಲಿಗೆ ಬರಬೇಕು. ಹಣ್ಣನ್ನೇ ಆರಿಸಿ ಕೊಯ್ದು, ಪಲ್ಪ್ ಮಾಡಿ ಒಣಗಿಸಿದ ಪಾರ್ಚ್‌ಮೆಂಟಿಗೆ ಬೇರೆಯೇ ದರ. ಗೋಧಿಗೆ ಬಹುಮಟ್ಟಿಗೆ ತೂಕವೊಂದೇ.

ನೀರಾವರಿಯಲ್ಲಿ ಇಳುವರಿ ಏರುತ್ತದೆ, ನಿಜ. ಅದಕ್ಕೆ ತಕ್ಕಷ್ಟು ಸಾರಜನಕ ಸಿಗದಿದ್ದರೆ ಪ್ರೋಟೀನು ಇಳಿದು, ಗಾಜಿನಂತೆ ಹೊಳೆಯಬೇಕಾದ ಕಾಳಿನಲ್ಲಿ ಬಿಳಿ ಮಚ್ಚೆ ಬೀಳುತ್ತದೆ. ಅಂಥ ಕಾಳು ಗಿರಣಿಯಲ್ಲಿ ರವೆಯಾಗದೆ ಹಿಟ್ಟಾಗುತ್ತದೆ. ಪಾಸ್ತಾ ಕುದಿಯುವಾಗ ಅಂಟುತ್ತದೆ. ಬಿಜಗ ಗೋಧಿಯಲ್ಲಿ ಶ್ಯಾವಿಗೆ ಹೊಸೆದ ಧಾರವಾಡ ಸೀಮೆಯ ತಾಯಂದಿರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಉಪಾಯವಿದೆ. ಸಾರಜನಕವನ್ನೆಲ್ಲ ಬಿತ್ತುವಾಗಲೇ ಸುರಿಯದೆ ಒಂದು ಪಾಲನ್ನು ಸುಮಾರು 21ನೆಯ ದಿನದ ನೀರಿನೊಡನೆ, ಸ್ವಲ್ಪವನ್ನು ತೆನೆ ಹೊರಡುವಾಗ ಕೊಡಬೇಕು. ಹಾಲುಗಾಳು ಗಟ್ಟಿಯಾದ ಮೇಲೆ ನೀರು ನಿಲ್ಲಿಸಬೇಕು. ಈ ಕಡೆಯ ಕಂತಿನಿಂದ ತೂಕ ಹೆಚ್ಚೇನೂ ಕೂಡದು, ಗುಣ ಕೂಡುತ್ತದೆ. ಕೊಳ್ಳುವವನು ತೂಕವನ್ನಷ್ಟೇ ನೋಡುವುದಾದರೆ ರೈತ ಆ ಖರ್ಚನ್ನೇಕೆ ಹೊರಬೇಕು? ಪ್ರಾತ್ಯಕ್ಷಿಕೆಗಳಲ್ಲಿ ಕ್ವಿಂಟಲ್ ಲೆಕ್ಕವನ್ನೇ ಹೇಳುತ್ತ ಬಂದ ನನ್ನಂಥವರದೂ ತಪ್ಪಿದೆ.

ಗಿರಣಿಯವರು ಬಿತ್ತನೆಗೆ ಮೊದಲೇ ಪ್ರೋಟೀನಿಗೆ ದರ ಹೇಳಲಿ, ಸುಗ್ಗಿಯಲ್ಲಿ ರೈತರ ಎದುರೇ ಪರೀಕ್ಷಿಸಲಿ. ಅಲ್ಲಿಯವರೆಗೆ ಪಾಸ್ತಾಕ್ಕಾಗಿ ಡ್ಯೂರಂ ಬಿತ್ತಿರೆಂದು ನಾನು ಯಾರಿಗೂ ಹೇಳಲಾರೆ.