ಗಲ್ಫ್‌ನಿಂದ ಮರಳಿದವರ ಅಂಗಡಿಗೆ ಗಿರಾಕಿ ಯಾರು?

ಕಾಸರಗೋಡು: ಗಲ್ಫ್ ದುಡ್ಡಿನಿಂದ ಉಪ್ಪಳ, ಕುಂಬಳೆ ಪೇಟೆಗಳಲ್ಲಿ ಮನೆ, ವಾಣಿಜ್ಯ ಸಂಕೀರ್ಣಗಳು ಎದ್ದವು. ಊರಿಗೆ ಮರಳಿದವರಲ್ಲಿ ಹಲವರು ತೆರೆಯುವುದು ಬಟ್ಟೆ, ಮೊಬೈಲ್, ಬೇಕರಿ ಅಂಗಡಿ. ಆದರೆ ಅಲ್ಲಿಗೆ ಬರುವ ಗಿರಾಕಿಯ ಕೈಯಲ್ಲಿರುವುದೂ ಬಹುಪಾಲು ಗಲ್ಫ್ ದುಡ್ಡೇ. ಅಲ್ಲಿ ಕೆಲಸ ಹೋದರೆ ಇಲ್ಲಿ ಅಂಗಡಿಗಳು ಹೆಚ್ಚುತ್ತವೆ, ಕೊಳ್ಳುವವರು ಕಡಿಮೆಯಾಗುತ್ತಾರೆ.

2020ರ ಕೋವಿಡ್ ಕಾಲದಲ್ಲಿ ಕರ್ನಾಟಕವು ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನು ನಂಬಿದ ವ್ಯಾಪಾರಕ್ಕೂ ಪೆಟ್ಟು ಬಿತ್ತು.

ಕನಿಷ್ಠ ಎರಡು ವರ್ಷ ಹೊರದೇಶದಲ್ಲಿ ದುಡಿದು ಬಂದವರಿಗೆಂದು ಕೇರಳದ ನೋರ್ಕಾ ಇಲಾಖೆ ರೂಪಿಸಿದ ಯೋಜನೆಯಲ್ಲಿ 30 ಲಕ್ಷ ರೂ.ವರೆಗಿನ ಉದ್ದಿಮೆಗೆ ಶೇ. 15 ಬಂಡವಾಳ ಸಹಾಯಧನವಿದೆ. ಗರಿಷ್ಠ ಮಿತಿ 3 ಲಕ್ಷ ರೂ. ಸಾಲ ಸಿಕ್ಕರಷ್ಟೇ ಸಾಲದು. ತೆಂಗು, ಹಲಸು, ಮೀನಿನಂಥ ಊರಿನ ಸರಕನ್ನು ಸಂಸ್ಕರಿಸಿ ಹೊರಗೆ ಮಾರುವ ಉದ್ದಿಮೆಗೆ ಮಾತ್ರ ಹೊಸ ದುಡ್ಡು ತರುವ ಶಕ್ತಿಯಿದೆ. ಇಲ್ಲವಾದರೆ ಇಪ್ಪತ್ತು ವರ್ಷದ ಬೆವರು ಅಂಗಡಿ ಬಾಡಿಗೆಯಲ್ಲೇ ಕರಗೀತು.