ಹಲ್ಲುನೋವಿಗೂ ಒಂದು ಭಾಷೆಯುಂಟು

ರಾಯದುರ್ಗ, ಮಡಕಶಿರಾಗಳು ಕಾಸರಗೋಡಿಗೆ ದೂರವಾದರೂ ಅಲ್ಲಿಯ ಕನ್ನಡಿಗರ ಅಳಲು ನಮ್ಮದೇ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿತು. ನಾವು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದೆವು. ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಪರದೇಶಕ್ಕೆ ಹೋದವರು ವೈದ್ಯರ ಮುಂದೆ ಮಾತು ಬಾರದೆ ತೊಳಲುವುದುಂಟು. ಗಡಿನಾಡಿಗರಿಗೆ ಆ ಪಾಡು ಊರು ಬಿಡದೆಯೇ ಬರುತ್ತದೆ.

ಹಲ್ಲುನೋವೆಂದು ಅಳುವ ಮಗುವನ್ನೇ ನೋಡೋಣ. ಕನ್ನಡದ ಹಲ್ಲು, ಮಲಯಾಳದ ಪಲ್ಲ್, ತೆಲುಗಿನ ಪನ್ನು ಒಂದೇ ಬೇರಿನವು. ಬೆರಳು ತೋರಿಸಿದರೂ ತಿಳಿಯುತ್ತದೆ. ತೊಡಕಿರುವುದು ಮುಂದಿನ ಪ್ರಶ್ನೆಯಲ್ಲಿ. ತಣ್ಣೀರು ತಾಗಿದಾಗ ಜುಮ್ಮೆಂದು ಕೂಡಲೇ ನಿಲ್ಲುವ ನೋವಾದರೆ ಹುಳುಕು ತೆಗೆದು ತುಂಬಿಸಿದರೆ ಸಾಕಾಗಬಹುದು. ರಾತ್ರಿ ನಿದ್ದೆಗೆಡಿಸಿ ಮಿಡಿಯುವ ನೋವಾದರೆ ಕೇಡು ನರದವರೆಗೆ ಇಳಿದಿರಬಹುದು. ಈ ಭೇದವನ್ನು ಹೇಳಬೇಕಾದುದು ಮಗು. ಹಿರಿಯರಿಗೆ ಸಂತೆಯ ತೆಲುಗು ಬಂದೀತು; ಐದು ವರ್ಷದ ಕೂಸಿಗೆ ಮನೆಮಾತಲ್ಲದೆ ಬೇರೇನು ಗತಿ?

ವೈದ್ಯರ ಮಾತು ತಾಯಿಗೆ ತಿಳಿಯುವುದೂ ಅಷ್ಟೇ ಅಗತ್ಯ. ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಮೂಡುವ ದವಡೆ ಹಲ್ಲು ಶಾಶ್ವತವಾದುದು. ಬಿದ್ದರೆ ಮತ್ತೆ ಬಾರದು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟ ಮೇಲೆ ಮಗು ತುಟಿ ಕಚ್ಚಿಕೊಳ್ಳದಂತೆ ಕಾಯಬೇಕು. ಇಂಥ ಎರಡು ಮಾತು ತಪ್ಪಿದರೂ ನಷ್ಟ ಮಗುವಿನದೇ.

ಬಳ್ಳಾರಿಗೆ ಹೋಗಿ, ಮಂಗಳೂರಿಗೆ ಹೋಗಿ ಎನ್ನುವವರಿದ್ದಾರೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ನಮ್ಮ ರೋಗಿಗಳು ಪಟ್ಟ ಪಾಡನ್ನು ಅವರು ಮರೆತಿರಬೇಕು.

ಸಂವಿಧಾನದ 350ನೆಯ ವಿಧಿಯಂತೆ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಸಲ್ಲಿಸಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೂ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರಕ್ಕೆ ಅವಕಾಶವಿತ್ತಿದೆ. ಅರ್ಜಿಯನ್ನು ಕನ್ನಡದಲ್ಲಿ ಬರೆಯಬಹುದಾದರೆ ನೋವನ್ನು ಕನ್ನಡದಲ್ಲಿ ಹೇಳಿಕೊಳ್ಳಲು ಏನಡ್ಡಿ? ಗಡಿಭಾಗದ ಸರಕಾರಿ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಒಬ್ಬ ಸಿಬ್ಬಂದಿಯಾದರೂ ಇರಬೇಕು. ಚಿಕಿತ್ಸೆಯ ನಂತರದ ಸೂಚನೆಗಳು ಕನ್ನಡದಲ್ಲಿ ಅಚ್ಚಾಗಬೇಕು. ಎರಡೂ ರಾಜ್ಯಗಳಲ್ಲಿ ಇದಕ್ಕೆ ಬೇಕಾದುದು ಹಣಕ್ಕಿಂತ ಮನಸ್ಸು.

ಹೆತ್ತವರ ಹೊಣೆಯೂ ಇದೆ. ಯಾವ ಹಲ್ಲು, ಎಂದಿನಿಂದ, ತಣ್ಣಗೆ ತಾಗಿದರೋ ಬಿಸಿ ತಾಗಿದರೋ, ರಾತ್ರಿ ನಿದ್ದೆ ಬಂತೇ, ಯಾವ ಮದ್ದು ಒಗ್ಗದು ಎಂಬುದನ್ನು ಮನೆಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಎರಡೂ ಭಾಷೆ ಬಲ್ಲ ನೆರೆಯವರೊಬ್ಬರನ್ನು ಜತೆಗೆ ಕರೆದೊಯ್ಯಿರಿ. ತೆಲುಗಾಗಲಿ ಮಲಯಾಳವಾಗಲಿ ನಮಗೆ ಹಗೆಯಲ್ಲ. ನೆರೆಭಾಷೆಯ ಹತ್ತು ಮಾತು ಕಲಿತರೆ ಲಾಭ ನಮಗೇ. ಆದರೆ ನೋಯುತ್ತಿರುವ ಮಗು ಮೊದಲು ಭಾಷೆ ಕಲಿತು ಬರಲಿ ಎನ್ನುವುದು ಯಾವ ಸರಕಾರಕ್ಕೂ ಶೋಭೆಯಲ್ಲ.